ಆ ಸಾಲು ಬರೆದವನು ನಾನೇ: ಗಡಿನಾಡಿನ ಮಕ್ಕಳು ಓದುವ ವಿಶ್ವವಿದ್ಯಾಲಯಗಳ ಕುಲಪತಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಕುಲಪತಿಗಳೇ,

ಕೇರಳದ ಕಾಸರಗೋಡು ಜಿಲ್ಲೆಯಲ್ಲಿ, ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗುವ ರಸ್ತೆಯಲ್ಲಿ ಒಂದು ಸಣ್ಣ ಪೇಟೆ. ಅಲ್ಲಿ ಬಸ್‌ಸ್ಟಾಪಿನ ಎದುರು ನನ್ನದೊಂದು ಡಿಟಿಪಿ ಅಂಗಡಿ. ಫೋಟೊಸ್ಟ್ಯಾಟ್, ಲ್ಯಾಮಿನೇಶನ್, ಸ್ಪೈರಲ್ ಬೈಂಡಿಂಗ್, ಮದುವೆ ಕಾಗದ, ಪಿಎಸ್‌ಸಿ ಅರ್ಜಿ, ಎಲ್ಲ ಉಂಟು. ಬೋರ್ಡಿನಲ್ಲಿ ಕನ್ನಡ, ಮಲಯಾಳಂ, ಇಂಗ್ಲಿಷ್ ಮೂರೂ ಇದೆ. ಒಳಗೆ ಮಾತ್ರ ತುಳುವೇ ಜಾಸ್ತಿ. ಇಪ್ಪತ್ತೆರಡು ವರ್ಷದಿಂದ ಇದೇ ಕುರ್ಚಿಯಲ್ಲಿ ಕೂತಿದ್ದೇನೆ.

ನಿಮ್ಮ ವಿದ್ಯಾರ್ಥಿಗಳು ನನ್ನಲ್ಲಿಗೆ ಎರಡು ಸಲ ಬಂದೇ ಬರುತ್ತಾರೆ. ಕೊನೆಯ ಸೆಮಿಸ್ಟರಿನಲ್ಲಿ ಪ್ರಾಜೆಕ್ಟ್ ಬೈಂಡಿಂಗಿಗೆ ಒಮ್ಮೆ. ರಿಸಲ್ಟ್ ಬಂದ ಮೇಲೆ ರೆಸ್ಯೂಮೆ ಮಾಡಿಸಲಿಕ್ಕೆ ಇನ್ನೊಮ್ಮೆ. ಯಾವ ವಿಶ್ವವಿದ್ಯಾಲಯ, ಯಾವ ಕಾಲೇಜು ಎಂದು ಇಲ್ಲಿ ಹೆಸರು ಬರೆಯುವುದಿಲ್ಲ. ತೆಂಕಿನ ಕಾಲೇಜುಗಳಿಗೆ ಹೋಗುವವರೂ ಬರುತ್ತಾರೆ, ತಲಪಾಡಿಯ ಗಡಿ ದಾಟಿ ಬಡಗಿನ ಕರ್ನಾಟಕದಲ್ಲಿ ಓದುವವರೂ ಬರುತ್ತಾರೆ. ಕಥೆ ಎರಡೂ ಕಡೆ ಒಂದೇ.

ಬುದ್ಧಿ ಹೇಳುವ ಮೊದಲು ನಾನೊಂದು ತಪ್ಪು ಒಪ್ಪಿಕೊಳ್ಳಬೇಕು. ನನ್ನ ಕಂಪ್ಯೂಟರಿನಲ್ಲಿ ರೆಸ್ಯೂಮೆಯ ಒಂದು ಹಳೆಯ ಮಾದರಿ ಉಂಟು. ಹೆಸರು, ವಿಳಾಸ, ಮಾರ್ಕು ಬದಲಾಯಿಸಿದರೆ ಐದು ನಿಮಿಷದಲ್ಲಿ ಪ್ರಿಂಟ್. ಅದರಲ್ಲಿ ಒಂದು ಸಾಲು ಮೊದಲೇ ಕೂತಿದೆ. 'ಕಂಪ್ಯೂಟರ್ ಜ್ಞಾನ: ಎಂಎಸ್ ವರ್ಡ್, ಎಕ್ಸೆಲ್, ಪವರ್‌ಪಾಯಿಂಟ್, ಇಂಟರ್ನೆಟ್.' ಬಂದವರಿಗೆ ಇದೆಲ್ಲ ಬರುತ್ತದೋ ಇಲ್ಲವೋ ಎಂದು ನಾನು ಒಬ್ಬರನ್ನೂ ಕೇಳಿದ್ದಿಲ್ಲ. ಅವರೂ ಆ ಸಾಲು ತೆಗೆಯಿರಿ ಎಂದದ್ದಿಲ್ಲ. ಎಲ್ಲರ ರೆಸ್ಯೂಮೆಯಲ್ಲೂ ಇರುವ ಸಾಲು, ಇರಲಿ ಬಿಡು ಎಂದು ಇಬ್ಬರೂ ಸುಮ್ಮನಿದ್ದೆವು.

ಹೋದ ಮಳೆಗಾಲದಲ್ಲಿ ಒಬ್ಬಳು ಹುಡುಗಿ ಬಂದಳು. ಬಿ.ಕಾಂ., ಒಳ್ಳೆಯ ಮಾರ್ಕು. ಮಂಗಳೂರಿನ ಒಂದು ಆಫೀಸಿನಲ್ಲಿ ಇಂಟರ್‌ವ್ಯೂ ಇತ್ತು. ಸಂಜೆ ವಾಪಸ್ ಬರುವಾಗ ಬಸ್ಸಿಳಿದು ನೇರ ನನ್ನ ಅಂಗಡಿಗೇ ಬಂದಳು. ಕೊಡೆಯನ್ನು ಹೊರಗಿಡುವುದೂ ನೆನಪಿರಲಿಲ್ಲ. ನೆಲವೆಲ್ಲ ನೀರು.

"ಅಣ್ಣ, ನನಗೆ ಎಕ್ಸೆಲ್ ಗೊತ್ತುಂಟು ಅಂತ ನೀವು ಯಾಕೆ ಬರೆದಿರಿ?"

ನಡೆದದ್ದು ಇಷ್ಟು. ಅವಳನ್ನು ಒಂದು ಕಂಪ್ಯೂಟರಿನ ಎದುರು ಕೂರಿಸಿ ಒಂದು ಶೀಟ್ ತೆರೆದು ಕೊಟ್ಟರಂತೆ. ನಾನೂರು ಚಿಲ್ಲರೆ ಸಾಲು. ತಾರೀಕು, ಗಿರಾಕಿಯ ಹೆಸರು, ಊರು, ಬಿಲ್ಲಿನ ಮೊತ್ತ. ಯಾವ ಊರಿಗೆ ಒಟ್ಟು ಎಷ್ಟು ರೂಪಾಯಿಯ ಮಾಲು ಹೋಗಿದೆ ಎಂದು ಹೇಳಬೇಕು, ಹದಿನೈದು ನಿಮಿಷ ಸಮಯ. ಅವಳು ಮೊಬೈಲಿನ ಕ್ಯಾಲ್ಕುಲೇಟರ್ ತೆಗೆದಳು. ಪುತ್ತೂರಿನ ಲೆಕ್ಕ ಅರ್ಧ ಆಗುವಾಗ ಸಮಯ ಮುಗಿಯಿತು.

ಅಂಥದ್ದೇ ಒಂದು ಶೀಟನ್ನು ನಾನು ಅಲ್ಲೇ ತೆರೆದು ತೋರಿಸಿದೆ. ಊರಿನ ಕಾಲಂ, ಮೊತ್ತದ ಕಾಲಂ, ಊರುವಾರು ತಾನೇ ಕೂಡಿಸಿ ಕೊಡುವ ಒಂದು ಪಿವಟ್ ಟೇಬಲ್. ಎರಡು ನಿಮಿಷ ಆಗಲಿಲ್ಲ. ಒಂದೇ ಊರು ಮೂರು ಕಡೆ ಮೂರು ಥರ ಟೈಪ್ ಆಗಿತ್ತು. ಒಂದರ ಹಿಂದೆ ಕಣ್ಣಿಗೆ ಕಾಣದ ಒಂದು ಸ್ಪೇಸ್. ಹಾಗಾಗಿ ಮೊತ್ತ ಮೂರಾಗಿ ಒಡೆದು ಬಂತು. ಅದನ್ನು ಹೇಗೆ ಹುಡುಕುವುದು, ಹೇಗೆ ಸರಿ ಮಾಡುವುದು ಎಂದೂ ತೋರಿಸಿದೆ. ಅಸಲು ಕೆಲಸ ಅದೇ. ಕೂಡಿಸುವುದನ್ನು ಯಂತ್ರ ಮಾಡುತ್ತದೆ, ಈ ಊರೂ ಆ ಊರೂ ಒಂದೇ ಎಂದು ಗುರುತು ಹಿಡಿಯುವುದು ಮನುಷ್ಯರೇ.

"ಇಷ್ಟೇನಾ ಅಣ್ಣ?" ಎಂದಳು. ಆಮೇಲೆ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಕಂಪ್ಯೂಟರ್ ಪೇಪರ್ ಇರಲಿಲ್ಲವಾ ಎಂದು ಕೇಳಿದೆ. ಇತ್ತಂತೆ, ಪಾಸೂ ಆಗಿದ್ದಾಳೆ. ಪರೀಕ್ಷೆಯಲ್ಲಿ ಬಂದ ಪ್ರಶ್ನೆ, 'ಸ್ಪ್ರೆಡ್‌ಶೀಟಿನ ಉಪಯೋಗಗಳನ್ನು ವಿವರಿಸಿ.' ಅವಳು ಪೆನ್ನಿನಲ್ಲಿ ಒಂದೂವರೆ ಪುಟ ಬರೆದಿದ್ದಳು. ಈಜಿನ ಉಪಯೋಗದ ಬಗ್ಗೆ ಪ್ರಬಂಧ ಬರೆಸಿ ಮಗುವನ್ನು ಪಯಸ್ವಿನಿ ಹೊಳೆಗೆ ಇಳಿಸಿದ ಹಾಗೆ ಆಯಿತು, ಅಲ್ವಾ ಸರ್?

ಇನ್ನೊಂದು ಚಿಕ್ಕ ಸಂಗತಿ ಹೇಳುತ್ತೇನೆ. ಕೇರಳ ಪಿಎಸ್‌ಸಿಗೆ ಅರ್ಜಿ ಹಾಕುವಾಗ ಫೋಟೊ 30 ಕೆಬಿ ಒಳಗಿರಬೇಕು. ಅಗಲ 150 ಪಿಕ್ಸೆಲ್, ಎತ್ತರ 200. ಇದನ್ನು ಮಾಡಿಕೊಡಲಿಕ್ಕೆ ನಾನು ಹಣ ತೆಗೆದುಕೊಳ್ಳುತ್ತೇನೆ. ಕೊಡುವವರಲ್ಲಿ ಡಿಗ್ರಿಯವರು ಉಂಟು, ಎಂ.ಎ.ಯವರು ಉಂಟು, ಬಿ.ಎಡ್. ಮುಗಿಸಿ ನಾಳೆ ಟೀಚರ್ ಆಗಲಿಕ್ಕಿರುವವರೂ ಉಂಟು. ಎಲ್ಲರ ಕೈಯಲ್ಲೂ ನನ್ನ ಕಂಪ್ಯೂಟರಿಗಿಂತ ಜೋರಿನ ಫೋನ್. ರೀಲ್ಸಿಗೆ ಹಾಡು ಕೂರಿಸುತ್ತಾರೆ, ಫಿಲ್ಟರ್ ಹಾಕುತ್ತಾರೆ. ಡೌನ್‌ಲೋಡ್ ಮಾಡಿದ ಹಾಲ್‌ಟಿಕೆಟ್ ಎಲ್ಲಿ ಹೋಯಿತು ಎಂದು ಕೇಳಿದರೆ ಫೋನನ್ನೇ ನನ್ನ ಕೈಗೆ ಕೊಡುತ್ತಾರೆ.

ಇವರಿಗೆ ಏನೂ ಬರುವುದಿಲ್ಲ ಎಂದು ದೂರುತ್ತಿದ್ದೇನೆ ಎಂದುಕೊಳ್ಳಬೇಡಿ. ನನ್ನ ದೂರೇ ಬೇರೆ. ಇವರಿಗೆ ಬರುತ್ತಿತ್ತು. ಬರುತ್ತಿದ್ದದ್ದು ಮರೆತುಹೋಗಿದೆ. ಕಾಲೇಜಿನಲ್ಲಿ ಮರೆತದ್ದು.

ಕೇರಳದ ಶಾಲೆಗಳಲ್ಲಿ 2001ರಿಂದಲೇ ಐಟಿ ಅಟ್ ಸ್ಕೂಲ್ ಎಂಬ ಯೋಜನೆ ಇತ್ತು. ಈಗ ಅದೇ ಕೈಟ್ ಎಂಬ ಸರ್ಕಾರಿ ಸಂಸ್ಥೆ ಆಗಿದೆ. ನಮ್ಮ ಕನ್ನಡ ಮಾಧ್ಯಮದ ಮಕ್ಕಳಿಗೂ ಐಟಿಯ ಪಾಠಪುಸ್ತಕ ಕನ್ನಡದಲ್ಲೇ ಸಿಗುತ್ತದೆ. ಹೈಸ್ಕೂಲಿನಲ್ಲಿ ವರ್ಡ್, ಎಕ್ಸೆಲಿನಂಥ ಕೆಲಸಕ್ಕೆ ಲಿಬ್ರೆಆಫೀಸ್, ಚಿತ್ರಕ್ಕೆ ಜಿಂಪ್, ಇಂಕ್‌ಸ್ಕೇಪ್, ಪ್ರೋಗ್ರಾಮಿಂಗಿಗೆ ಪೈಥಾನ್ ಎಲ್ಲ ಮುಟ್ಟಿ ಬರುತ್ತಾರೆ. ಹತ್ತನೆಯ ಕ್ಲಾಸಿನ ಐಟಿ ಪರೀಕ್ಷೆ ಕಂಪ್ಯೂಟರಿನ ಎದುರು ಕೂತು ಬರೆಯುವಂಥದ್ದು. 2018ರಿಂದ ಲಿಟಲ್ ಕೈಟ್ಸ್ ಎಂಬ ಕ್ಲಬ್ಬೂ ಉಂಟು. ಅದರಲ್ಲಿ ಆನಿಮೇಶನ್ ಮಾಡುತ್ತಾರೆ, ಶಾಲೆಯ ಕಾರ್ಯಕ್ರಮದ ವಿಡಿಯೊ ಮಾಡುತ್ತಾರೆ. ಎಲ್ಲ ಶಾಲೆಯಲ್ಲೂ ಇದು ಒಂದೇ ಥರ ನಡೆಯುತ್ತದೆ ಎಂದು ಹೇಳಲಾರೆ. ಆದರೂ ಗಡಿಯ ಆಚೆಯ ನನ್ನ ನೆಂಟರ ಮಕ್ಕಳಿಗೆ ಹೋಲಿಸಿದರೆ ಇದು ದೊಡ್ಡ ಗಂಟು.

ಮೊನ್ನೆ ಒಬ್ಬ ಹುಡುಗ ಬಂದಿದ್ದ. ಬಿ.ಎ. ಕೊನೆಯ ವರ್ಷ. ಊರಿನ ಯಕ್ಷಗಾನ ಸಂಘದ ವಾರ್ಷಿಕೋತ್ಸವಕ್ಕೆ ಪೋಸ್ಟರ್ ಬೇಕಿತ್ತು. ನಾನು ಇಂಕ್‌ಸ್ಕೇಪ್ ತೆರೆದು ಕಿರೀಟದ ಅಂಚನ್ನು ಸರಿ ಮಾಡುತ್ತಿದ್ದೆ. ಅವನು ಬಗ್ಗಿ ನೋಡಿದ.

"ಇದು ಇಂಕ್‌ಸ್ಕೇಪ್ ಅಲ್ವಾ ಅಣ್ಣ? ನಾನು ಒಂಬತ್ತನೆಯಲ್ಲಿ ಇದರಲ್ಲಿ ಪೋಸ್ಟರ್ ಮಾಡಿ ಪ್ರೈಜ್ ತಗೊಂಡಿದ್ದೆ."

ಮೌಸ್ ಅವನ ಕೈಗೆ ಕೊಟ್ಟೆ. ನೋಡು, ನೀನೇ ಮಾಡು ಎಂದೆ. ಐದು ನಿಮಿಷ ತಡಕಾಡಿದ. ಬಣ್ಣ ತುಂಬುವುದು ಎಲ್ಲಿ ಎಂದು ನೆನಪಾಗಲಿಲ್ಲ. ಮೌಸ್ ವಾಪಸ್ ಕೊಟ್ಟು, ನೀವೇ ಮಾಡಿ ಅಣ್ಣ, ಬಸ್ಸಿಗೆ ಹೊತ್ತಾಯಿತು ಎಂದ. ಪ್ಲಸ್ ಟೂ ಎರಡು ವರ್ಷ, ಡಿಗ್ರಿ ಮೂರು ವರ್ಷ. ಐದು ವರ್ಷದಲ್ಲಿ ಒಮ್ಮೆಯೂ ಯಾರೂ ಅವನ ಹತ್ತಿರ, ಇದನ್ನು ಕಂಪ್ಯೂಟರಿನಲ್ಲಿ ಮಾಡಿ ತಾ ಎಂದು ಕೇಳಿದ್ದಿಲ್ಲ.

ಅದಕ್ಕೇ ನನ್ನ ಕೋರಿಕೆ. ದಯವಿಟ್ಟು ಡಿಜಿಟಲ್ ಕೌಶಲ ಎಂಬ ಹೆಸರಿನಲ್ಲಿ ಇನ್ನೊಂದು ಹೊಸ ಪೇಪರ್ ತರಬೇಡಿ. ತಂದರೆ ಅದಕ್ಕೊಂದು ಗೈಡ್ ಬರುತ್ತದೆ. ಗೈಡಿನ ಫೋಟೊಸ್ಟ್ಯಾಟ್ ನನ್ನಲ್ಲೇ ಆಗುತ್ತದೆ. ಮಕ್ಕಳು ಈಗಾಗಲೇ ಮಾಡುತ್ತಿರುವ ಕೆಲಸವನ್ನೇ ಅವರ ಕೈಯಿಂದ ಕಂಪ್ಯೂಟರಿನಲ್ಲಿ ಮಾಡಿಸಿ. ಅಸೈನ್‌ಮೆಂಟ್, ಸೆಮಿನಾರ್, ಪ್ರಾಜೆಕ್ಟ್, ಲ್ಯಾಬ್ ರೆಕಾರ್ಡ್ ಎಲ್ಲವನ್ನೂ.

ಈಗ ಹೇಗೆ ನಡೆಯುತ್ತಿದೆ ಎಂದು ಹೇಳುತ್ತೇನೆ. ಇದು ನಿಮ್ಮ ಆಫೀಸಿಗೆ ಬರುವ ವರದಿಯಲ್ಲಿ ಇರುವುದಿಲ್ಲ. ಮಕ್ಕಳು ಪ್ರಾಜೆಕ್ಟನ್ನು ಕೈಯಲ್ಲಿ ಬರೆದು ತರುತ್ತಾರೆ. ನನ್ನ ಅಂಗಡಿಯ ಹುಡುಗಿ ಟೈಪ್ ಮಾಡುತ್ತಾಳೆ. ಮುಖಪುಟ, ಪರಿವಿಡಿ, ಪುಟಸಂಖ್ಯೆ, ಗ್ರಾಫ್ ಎಲ್ಲ ನಮ್ಮದೇ. ಕೆಲವರು ಬರೆದೂ ತರುವುದಿಲ್ಲ. ಹಿಂದಿನ ವರ್ಷದವರದ್ದು ಉಂಟಾ ಎಂದು ಮೆಲ್ಲಗೆ ಕೇಳುತ್ತಾರೆ. ಸಹಕಾರಿ ಸಂಘಗಳ ಮೇಲಿನ ಒಂದು ಪ್ರಾಜೆಕ್ಟ್ ನಾಲ್ಕು ವರ್ಷ ನಾಲ್ಕು ಹೆಸರಿನಲ್ಲಿ ನನ್ನ ಪ್ರಿಂಟರಿನಿಂದ ಹೊರಬಂದಿದೆ. ಕೊನೆಯವನು ಕೃತಜ್ಞತೆಯ ಪುಟವನ್ನೂ ಬದಲಾಯಿಸಲಿಲ್ಲ. ಬೇರೆ ಯಾರದೋ ಅಪ್ಪ ಅಮ್ಮನಿಗೆ ಥ್ಯಾಂಕ್ಸ್ ಹೇಳಿ ಡಿಗ್ರಿ ತಗೊಂಡ. ಇದರಲ್ಲಿ ನನ್ನ ಪಾಲೂ ಉಂಟು, ಇಲ್ಲ ಎನ್ನುವುದಿಲ್ಲ.

ಇದನ್ನು ನಿಲ್ಲಿಸುವುದು ಕಷ್ಟ ಇಲ್ಲ. ಬೈಂಡ್ ಮಾಡಿದ ಪುಸ್ತಕ ಕೇಳುವ ಬದಲು ಫೈಲ್ ಕೇಳಿ. ಗೂಗಲ್ ಡಾಕ್ಸಿನಲ್ಲಿ ಬರೆದರೆ ಎಂದು ಬರೆದದ್ದು, ಏನು ತಿದ್ದಿದ್ದು ಎಂಬ ಇತಿಹಾಸ ಅದರಲ್ಲೇ ಉಳಿಯುತ್ತದೆ. ಮೂರು ತಿಂಗಳು ಸ್ವಲ್ಪ ಸ್ವಲ್ಪ ಬರೆದವನು ಯಾರು, ಒಂದೇ ರಾತ್ರಿ ಇಡೀ ತಂದು ಅಂಟಿಸಿದವನು ಯಾರು ಎಂದು ಟೀಚರಿಗೆ ಒಂದು ಕ್ಲಿಕ್ಕಿನಲ್ಲಿ ಗೊತ್ತಾಗುತ್ತದೆ. ಮಾರ್ಕು ಆ ಇತಿಹಾಸಕ್ಕೂ ಕೊಡಿ. ಪರಿವಿಡಿ ತಾನಾಗಿ ಬರುವಂತೆ ಹೆಡಿಂಗ್ ಹಾಕಿದ್ದಾನಾ, ಲೆಕ್ಕದ ಶೀಟನ್ನು ಜೊತೆಗೆ ಕೊಟ್ಟಿದ್ದಾನಾ, ಫೈಲಿಗೆ ಅರ್ಥ ಆಗುವ ಹೆಸರಿಟ್ಟಿದ್ದಾನಾ ಎಂದು ನೋಡಿ. 'ಫೈನಲ್', 'ನ್ಯೂ ಫೈನಲ್', 'ಲಾಸ್ಟ್ ಫೈನಲ್' ಎಂಬ ಮೂರು ಫೈಲ್ ತಂದು ಯಾವುದು ಪ್ರಿಂಟ್ ಹಾಕುವುದು ಎಂದು ನನ್ನನ್ನೇ ಕೇಳುವವರು ವಾರಕ್ಕೊಬ್ಬರಾದರೂ ಇರುತ್ತಾರೆ. ಆಫೀಸಿಗೆ ಸೇರಿದ ಮೇಲೆ ಯಾರನ್ನು ಕೇಳುತ್ತಾರೆ?

ನನ್ನ ಬೈಂಡಿಂಗಿನ ವ್ಯಾಪಾರ ಇದರಿಂದ ಅರ್ಧ ಹೋಗುತ್ತದೆ. ಗೊತ್ತುಂಟು. ಮನೆಯಲ್ಲಿ ಹೇಳಿದ್ದೇನೆ, ನಕ್ಕರು.

ಕಂಪ್ಯೂಟರ್ ಎಲ್ಲಿದೆ ಎಂದು ನೀವು ಕೇಳಬಹುದು. ಇದೆ ಸರ್. ಒಂದು ಕಾಲೇಜಿಗೆ ಪ್ರಿಂಟರ್ ರಿಪೇರಿಗೆ ಕರೆದಿದ್ದರು. ಲ್ಯಾಬಿನ ಬೀಗದ ಕೈ ಹುಡುಕಲಿಕ್ಕೇ ಅರ್ಧ ಗಂಟೆ ಆಯಿತು. ಒಳಗೆ ಇಪ್ಪತ್ತಕ್ಕಿಂತ ಹೆಚ್ಚು ಕಂಪ್ಯೂಟರ್, ಒಂದೊಂದರ ಮೇಲೂ ಬಟ್ಟೆಯ ಹೊದಿಕೆ. ಗೋಡೆಯಲ್ಲಿ ಎರಡು ವರ್ಷ ಹಿಂದಿನ ಕ್ಯಾಲೆಂಡರ್. ಮಕ್ಕಳು ಹಾಳು ಮಾಡುತ್ತಾರೆ, ಸ್ಟಾಕ್ ರಿಜಿಸ್ಟರಿಗೆ ನಾನು ಸಹಿ ಹಾಕಿದ್ದೇನೆ ಎಂದರು ಅಲ್ಲಿಯ ಟೀಚರ್. ಅವರನ್ನು ಬೈಯಲಿಕ್ಕೆ ಮನಸ್ಸು ಬರಲಿಲ್ಲ. ಒಂದು ಕೀಬೋರ್ಡ್ ಹೋದರೆ ಆಡಿಟಿನಲ್ಲಿ ಉತ್ತರ ಕೊಡಬೇಕಾದವರು ಅವರೇ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಮುಚ್ಚಿಟ್ಟ ಕಂಪ್ಯೂಟರಿಗೆ ಬೂಸ್ಟು ಹಿಡಿಯುತ್ತದೆ, ತುಕ್ಕು ಹಿಡಿಯುತ್ತದೆ. ಉಪಯೋಗಿಸಿ ಹಾಳಾದರೆ ಟೀಚರ್ ಹೊಣೆ, ಮುಚ್ಚಿಟ್ಟು ಹಾಳಾದರೆ ಯಾರೂ ಹೊಣೆ ಅಲ್ಲ. ಈ ಒಂದು ನಿಯಮವನ್ನು ಬದಲಾಯಿಸಲಿಕ್ಕೆ ನಿಮ್ಮ ಒಂದು ಸುತ್ತೋಲೆ ಸಾಕು. ಉಪಯೋಗದಲ್ಲಿ ಸವೆದದ್ದಕ್ಕೆ ಟೀಚರಿಂದ ವಿವರಣೆ ಕೇಳುವುದಿಲ್ಲ, ಲ್ಯಾಬ್ ಸಂಜೆ ಕೊನೆಯ ಬಸ್ಸಿನ ತನಕ ತೆರೆದಿರಲಿ, ಹಿರಿಯ ವಿದ್ಯಾರ್ಥಿಗಳೇ ಸರದಿಯಲ್ಲಿ ನೋಡಿಕೊಳ್ಳಲಿ ಎಂದು.

ಕಲಿಸಲಿಕ್ಕೆ ಪಾಠವೂ ಉಂಟು, ಅದೂ ಕನ್ನಡದಲ್ಲಿ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್‌ನಲ್ಲಿ ಲಿಬ್ರೆಆಫೀಸಿನ ಸಣ್ಣ ಸಣ್ಣ ವಿಡಿಯೊ ಪಾಠಗಳು ಕನ್ನಡದಲ್ಲೇ ಇವೆ, ಪುಕ್ಕಟೆ. ನನ್ನ ಅಂಗಡಿಯ ಹುಡುಗಿ ಅದನ್ನೇ ನೋಡಿ ಕಲಿತವಳು. ಅವಳು ಓದಿದ್ದು ಪ್ಲಸ್ ಟೂ. ಡಿಗ್ರಿಯವರ ರೆಸ್ಯೂಮೆ ಮಾಡುವವಳು ಅವಳು.

ಈಗ ಚಾಟ್‌ಜಿಪಿಟಿಯ ವಿಷಯ. ಬೇಡ ಎಂದರೂ ಬಂದಾಗಿದೆ. ಕುಂಬಳೆಯ ಒಬ್ಬ ಹುಡುಗ ತನ್ನ ಊರಿನ ಬಗ್ಗೆಯೇ ಹದಿನೆಂಟು ಪುಟದ ಪ್ರಾಜೆಕ್ಟ್ ತಂದಿದ್ದ. ಭಾಷೆ ಬಹಳ ಚಂದ. ಇಷ್ಟು ಚಂದ ಯಾಕೆ ಎಂದು ನನಗೆ ಸಂಶಯ ಬಂದು ಓದಿದೆ. ಎರಡನೆಯ ಪುಟದಲ್ಲೇ, ಕುಂಬಳೆಯು ಉತ್ತರ ಕನ್ನಡ ಜಿಲ್ಲೆಯಲ್ಲಿದೆ ಎಂದಿತ್ತು. ಕುಮಟಾ ಎಂದು ತಿಳಿಯಿತೋ ಏನೋ ಆ ಯಂತ್ರ. ಕುಂಬಳೆಯವನು, ಕುಂಬಳೆಯ ಬಗ್ಗೆ ಬರೆಸಿದ್ದನ್ನು, ಕುಂಬಳೆಯಲ್ಲೇ ಕೂತು ಓದದೆ ಪ್ರಿಂಟಿಗೆ ತಂದಿದ್ದ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು ಮಾರಾಯ, ಒಮ್ಮೆ ಓದಿ ನೋಡು ಎಂದೆ.

ನಿಷೇಧ ಹಾಕಿ ಎಂದು ನಾನು ಹೇಳುವುದಿಲ್ಲ. ಹಾಕಿದರೂ ನಿಲ್ಲುವುದಿಲ್ಲ. ಆಫೀಸುಗಳಲ್ಲಿ ಈಗ ಇದರಿಂದಲೇ ಕೆಲಸ ಮಾಡಿಸುತ್ತಾರೆ. ಹಾಗಾಗಿ ಪ್ರಶ್ನೆಯನ್ನೇ ತಿರುಗಿಸಿ. ನಿನ್ನ ಊರಿನ ಬಗ್ಗೆ ಇದರ ಹತ್ತಿರ ಎರಡು ಪುಟ ಬರೆಸು, ಅದರಲ್ಲಿ ಎಷ್ಟು ತಪ್ಪಿದೆ, ಹೇಗೆ ಗೊತ್ತಾಯಿತು, ಯಾವ ದಾಖಲೆ ನೋಡಿದೆ, ಯಾರನ್ನು ಕೇಳಿದೆ, ಅದನ್ನು ಬರೆದು ತಾ. ಆಗ ಆ ಹುಡುಗ ಕುಂಬಳೆಯ ಹಳಬರ ಮನೆಗೆ ಹೋಗಲೇಬೇಕು. ಇಂಥ ಅಸೈನ್‌ಮೆಂಟಿಗೆ ನನ್ನ ಅಂಗಡಿಯಲ್ಲಿ ಹಳೆಯ ಪ್ರತಿ ಸಿಗುವುದಿಲ್ಲ.

ಇನ್ನು ಕನ್ನಡದ ವಿಷಯ. ಇದರಲ್ಲಿ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಇದು ನನ್ನ ಕಸುಬು.

ಎರಡು ವರ್ಷದ ಹಿಂದೆ ಕನ್ನಡ ಎಂ.ಎ. ಓದುತ್ತಿದ್ದ ಒಬ್ಬಳು ತನ್ನ ಅಜ್ಜಿ ಹೇಳಿದ ಪಾಡ್ದನಗಳ, ಅಂದರೆ ತುಳುವಿನ ಹಾಡುಕಥೆಗಳ ಬಗ್ಗೆ ಪ್ರಬಂಧ ಬರೆದಿದ್ದಳು. ಗದ್ದೆಯಲ್ಲಿ ನೇಜಿ ನೆಡುವಾಗ ಹೇಳುತ್ತಿದ್ದವು. ಅಜ್ಜಿಯನ್ನು ಕೂರಿಸಿ ಫೋನಿನಲ್ಲಿ ಗಂಟೆಗಟ್ಟಲೆ ರೆಕಾರ್ಡ್ ಮಾಡಿದ್ದಳು. ಪ್ರಬಂಧವನ್ನು ನಾವು ಟೈಪ್ ಮಾಡಿ ಕೊಟ್ಟೆವು. ಆಮೇಲೆ ಅವಳ ಫೋನ್ ಹಾಳಾಯಿತು. ರಿಪೇರಿಯವನು ಫಾರ್ಮ್ಯಾಟ್ ಮಾಡಿದ. ಬೇರೆ ಎಲ್ಲೂ ಪ್ರತಿ ಇರಲಿಲ್ಲ. ಆ ಹೊತ್ತಿಗೆ ಅಜ್ಜಿಯೂ ಇರಲಿಲ್ಲ.

ಉಳಿದದ್ದು ನಮ್ಮ ಟೈಪಿಂಗ್. ಅದರ ಫೈಲನ್ನು ಮಂಗಳೂರಿನ ಪರಿಚಯದವರೊಬ್ಬರಿಗೆ ಮೇಲ್ ಮಾಡಿದಳಂತೆ. ಅವರಿಗೆ ಕನ್ನಡ ಕಾಣಲಿಲ್ಲ. ತಲೆ ಮೇಲೆ ಚುಕ್ಕೆ, ಗೀಟು ಇಟ್ಟುಕೊಂಡ ಇಂಗ್ಲಿಷ್ ಅಕ್ಷರಗಳು ಸಾಲಾಗಿ ಬಂದವು. ಯಾಕೆಂದರೆ ನಾವು ಟೈಪ್ ಮಾಡಿದ್ದು ಹಳೆಯ ಫಾಂಟಿನಲ್ಲಿ. ಆ ಫಾಂಟುಗಳಲ್ಲಿ ಕಂಪ್ಯೂಟರಿನ ಒಳಗೆ ಕೂತದ್ದು ಇಂಗ್ಲಿಷಿನ ಸಂಕೇತಗಳೇ, ಮೇಲೆ ಕನ್ನಡದ ವೇಷ ಅಷ್ಟೇ. ಫಾಂಟ್ ಇಲ್ಲದ ಕಡೆ ವೇಷ ಕಳಚುತ್ತದೆ. ಗೂಗಲ್ಲಿನಲ್ಲಿ ಹುಡುಕಿದರೂ ಸಿಗುವುದಿಲ್ಲ. ಎಲ್ಲ ಭಾಷೆಯ ಅಕ್ಷರಕ್ಕೂ ಬೇರೆ ಬೇರೆ ಸಂಕೇತ ಕೊಡುವ ಯುನಿಕೋಡಿನಲ್ಲಿ ಕನ್ನಡ 1991ರಿಂದಲೇ ಉಂಟು. ಆದರೆ ಡಿಟಿಪಿಯವರ ಕೈ ಪುಟ ಜೋಡಿಸುವ ಪೇಜ್‌ಮೇಕರ್ ಎಂಬ ಸಾಫ್ಟ್‌ವೇರಿಗೆ ಒಗ್ಗಿಹೋಗಿತ್ತು. ಅದರ ಕೊನೆಯ ಆವೃತ್ತಿ ಬಂದದ್ದೇ 2001ರಲ್ಲಿ, ಅದಕ್ಕೆ ಯುನಿಕೋಡ್ ಗೊತ್ತಿಲ್ಲ. ನಾವು ಅದನ್ನೇ ಹಿಡಿದುಕೊಂಡು ಕೂತೆವು. ಆ ಪ್ರಬಂಧವನ್ನು ಮತ್ತೆ ಯುನಿಕೋಡಿಗೆ ಬದಲಿಸಿ, ಒತ್ತಕ್ಷರ ಕೆಟ್ಟಲ್ಲೆಲ್ಲ ಕೈಯಲ್ಲಿ ತಿದ್ದಿ ಕೊಟ್ಟೆ. ಅದಕ್ಕೆ ಹಣ ತಗೊಳ್ಳಲಿಲ್ಲ.

ಆ ಹುಡುಗಿಗೆ ಯಾರಾದರೂ ಮೊದಲನೆಯ ಸೆಮಿಸ್ಟರಿನಲ್ಲೇ ಮೂರು ಸಂಗತಿ ಕಲಿಸಿದ್ದರೆ? ಯುನಿಕೋಡಿನಲ್ಲಿ ತಾನೇ ಟೈಪ್ ಮಾಡುವುದು, ರೆಕಾರ್ಡಿಂಗನ್ನು ಎರಡು ಕಡೆ ಇಡುವುದು, ಕೇಳಿದ್ದನ್ನು ನಿಮಿಷ ಸೆಕೆಂಡು ಗುರುತಿಸಿ ಬರೆಯುವುದು. ಕನ್ನಡದ ಕೀಲಿಮಣೆ ಕಲಿಯಲಿಕ್ಕೆ ಎರಡು ವಾರ ಸಾಕು. ಆ ವಿನ್ಯಾಸ ಕೊಟ್ಟವರು ನಮ್ಮ ಪಕ್ಕದ ಕಿನ್ನಿಕಂಬಳದ ಕೆ. ಪಿ. ರಾಯರು. ಮನೆ ಹತ್ತಿರದವರು ಮಾಡಿಕೊಟ್ಟದ್ದನ್ನೂ ನಾವು ಮುಟ್ಟದೆ ಇಟ್ಟಿದ್ದೇವೆ.

ಇದರಿಂದ ಕೆಲಸ ಸಿಗುತ್ತದಾ ಎಂದು ಕೇಳುವವರಿಗೆ ಹೇಳುತ್ತೇನೆ. ಬೆಂಗಳೂರಿನ ಐಐಎಸ್‌ಸಿಯವರು ಗೂಗಲ್ ಜೊತೆ ಸೇರಿ ವಾಣಿ ಎಂಬ ಯೋಜನೆಯಲ್ಲಿ ಜಿಲ್ಲೆ ಜಿಲ್ಲೆಯ ಜನರ ಮಾತು ರೆಕಾರ್ಡ್ ಮಾಡಿ ಸೇರಿಸುತ್ತಿದ್ದಾರೆ. ಭಾರತೀಯ ಭಾಷೆಗಳ ಅನುವಾದಕ್ಕೆಂದು ಕೇಂದ್ರ ಸರ್ಕಾರದ ಭಾಷಿಣಿ ಶುರುವಾದದ್ದು 2022ರಲ್ಲಿ. ಗೂಗಲ್ ಟ್ರಾನ್ಸ್‌ಲೇಟಿಗೆ ತುಳು ಬಂದದ್ದು 2024ರ ಜೂನಿನಲ್ಲಿ. ತುಳು ವಿಕಿಪೀಡಿಯ 2016ರಿಂದ ನಡೆಯುತ್ತಿದೆ. ಇಂಥ ಕೆಲಸಕ್ಕೆಲ್ಲ ಮಾತನ್ನು ಕೇಳಿ ಬರೆಯುವವರು ಬೇಕು, ಯಂತ್ರ ಮಾಡಿದ ಅನುವಾದವನ್ನು ತಿದ್ದುವವರು ಬೇಕು, ಸಬ್‌ಟೈಟಲ್ ಕೂರಿಸುವವರು ಬೇಕು. ಎಲ್ಲವೂ ಖಾಯಂ ನೌಕರಿ ಅಲ್ಲ, ಸಂಬಳ ಎಲ್ಲ ಕಡೆ ಚಂದ ಇರುತ್ತದೆ ಎಂದೂ ಅಲ್ಲ. ಆದರೆ ಕನ್ನಡ, ಮಲಯಾಳಂ, ತುಳು ಮೂರನ್ನೂ ಮನೆಯಲ್ಲೇ ಕಲಿತು, ಇಂಗ್ಲಿಷನ್ನು ಶಾಲೆಯಲ್ಲಿ ಕಲಿತವರು ಕಾಸರಗೋಡಿನಲ್ಲಿ ಸಿಗುವಷ್ಟು ಇನ್ನೆಲ್ಲಿ ಸಿಗುತ್ತಾರೆ? ಮಂಗಳೂರಿನ ಆಸ್ಪತ್ರೆಗಳಿಗೆ ಇಲ್ಲಿಂದ ದಿನಾ ಎಷ್ಟು ಜನ ಮಲಯಾಳಂ ಮಾತಾಡುವವರು ಹೋಗುತ್ತಾರೆ ಎಂದು ಬೆಳಗ್ಗಿನ ಬಸ್ಸು ನೋಡಿದರೆ ಗೊತ್ತಾಗುತ್ತದೆ. ಅಲ್ಲಿಯ ಕೌಂಟರಿಗೆ ಎರಡೂ ಭಾಷೆ ಮಾತಾಡಿ, ಎರಡರಲ್ಲೂ ಟೈಪ್ ಮಾಡಿ, ಒಂದು ಶೀಟ್ ನಿಭಾಯಿಸುವವರು ಬೇಕು. ಪಿಎಸ್‌ಸಿಯಲ್ಲಿ ಕನ್ನಡ ಮತ್ತು ಮಲಯಾಳಂ ಬಲ್ಲ ಕ್ಲರ್ಕ್ ಎಂದೇ ಬೇರೆ ಹುದ್ದೆ ಕರೆಯುತ್ತಾರೆ.

ಸಪ್ತಭಾಷಾ ಸಂಗಮ ಭೂಮಿ ಎಂದು ವೇದಿಕೆಯಲ್ಲಿ ನಾವು ಹೇಳಿಕೊಳ್ಳುತ್ತೇವೆ. ನನ್ನಲ್ಲಿಗೆ ಬರುವ ರೆಸ್ಯೂಮೆಗಳಲ್ಲಿ 'ಗೊತ್ತಿರುವ ಭಾಷೆಗಳು' ಎಂಬ ಸಾಲು ಕೊನೆಯಲ್ಲಿ, ಮದುವೆ ಆಗಿದೆಯೋ ಇಲ್ಲವೋ ಎಂಬುದರ ಕೆಳಗೆ ಇರುತ್ತದೆ.

ಇಂಟರ್ನ್‌ಶಿಪ್ ಬಗ್ಗೆಯೂ ಒಂದು ಮಾತು. ಕೇರಳದಲ್ಲಿ ನಾಲ್ಕು ವರ್ಷದ ಡಿಗ್ರಿ 2024ರ ಜುಲೈ 1ಕ್ಕೆ ಶುರುವಾಯಿತು. ಮೂರು ವರ್ಷಕ್ಕೆ ನಿಲ್ಲಿಸುವವರಿಗೆ ಒಟ್ಟು 133 ಕ್ರೆಡಿಟ್, ಅದರಲ್ಲಿ ಇಂಟರ್ನ್‌ಶಿಪ್ಪಿಗೆ 2. ಒಳ್ಳೆಯದೇ. ಆದರೆ ನನ್ನ ಅಂಗಡಿಗೂ ಇಂಟರ್ನ್‌ಶಿಪ್ ಕೇಳಿಕೊಂಡು ಬಂದರು. ಏನು ಕೆಲಸ ಕಲಿಯುತ್ತೀರಿ ಎಂದೆ. ಕೆಲಸ ಬೇಡ ಅಣ್ಣ, ಸೀಲ್ ಹಾಕಿದ ಸರ್ಟಿಫಿಕೇಟ್ ಸಾಕು ಎಂದರು. ನನ್ನ ಸೀಲಿಗೆ ಇಷ್ಟು ಬೆಲೆ ಬಂದದ್ದು ಅದೇ ಮೊದಲು.

ಕಂಪನಿ ಹುಡುಕಿಕೊಂಡು ಕೊಚ್ಚಿಗೋ ಬೆಂಗಳೂರಿಗೋ ಹೋಗಬೇಕೆಂದಿಲ್ಲ. ಊರಿನ ಹಾಲು ಸೊಸೈಟಿಯ ಒಂದು ವರ್ಷದ ಲೆಕ್ಕ ಇನ್ನೂ ಉದ್ದದ ಪುಸ್ತಕದಲ್ಲಿ ಇದೆ. ಹೆಂಗಸರ ಸ್ವಸಹಾಯ ಗುಂಪಾದ ಕುಟುಂಬಶ್ರೀ ಘಟಕದ ಅಕ್ಕಂದಿರು ಹಪ್ಪಳ, ಉಪ್ಪಿನಕಾಯಿ ಮಾರಿದ ಲೆಕ್ಕವನ್ನು ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ. ವಾಚನಾಲಯದ ಪುಸ್ತಕಗಳ ಪಟ್ಟಿ ಯಾರೋ ಪುಣ್ಯಾತ್ಮರು ಇಪ್ಪತ್ತು ವರ್ಷದ ಹಿಂದೆ ಬರೆದದ್ದು. ಇಬ್ಬಿಬ್ಬರು ವಿದ್ಯಾರ್ಥಿಗಳನ್ನು ಅಲ್ಲಿಗೆ ಕಳಿಸಿ. ಎರಡು ತಿಂಗಳಲ್ಲಿ ಅದನ್ನೆಲ್ಲ ಶೀಟಿಗೆ ತಂದು, ಸೊಸೈಟಿಯ ಕಾರ್ಯದರ್ಶಿಗೆ ತಾನೇ ನಡೆಸಲಿಕ್ಕೆ ಕಲಿಸಿ ಬರಬೇಕು. ಅವರು ಸರಿ ಇದೆ ಎಂದರೆ ಮಾತ್ರ 2 ಕ್ರೆಡಿಟ್. ಐವತ್ತೈದು ವರ್ಷದ ಕಾರ್ಯದರ್ಶಿಗೆ ಸಿಟ್ಟು ಬಾರದ ಹಾಗೆ ಶೀಟಿನಲ್ಲಿ ಫಿಲ್ಟರ್ ಹಾಕಿ ಬೇಕಾದ ಸಾಲು ಮಾತ್ರ ನೋಡುವುದನ್ನು ಕಲಿಸಿದವನು ಯಾವ ಆಫೀಸಿನಲ್ಲೂ ಬದುಕುತ್ತಾನೆ. ಆಮೇಲೆ ಅವನು ರೆಸ್ಯೂಮೆಯಲ್ಲಿ 'ಎಕ್ಸೆಲ್' ಎಂದು ಬರೆಯುವುದೇ ಬೇಡ. ಆ ಶೀಟಿನ ಲಿಂಕ್ ಕೊಟ್ಟರೆ ಆಯಿತು. ಗಿರಾಕಿಗಳ ಹೆಸರು, ಫೋನ್ ನಂಬರ್ ತೆಗೆದು ಕೊಡಬೇಕು ಎಂಬುದನ್ನೂ ಅಲ್ಲೇ ಕಲಿಯಲಿ.

ಇನ್ನೊಂದು ಹೇಳದೆ ಇರಲಾರೆ. ಕೆಲಸ ಹುಡುಕುವ ಮಕ್ಕಳನ್ನೇ ಹುಡುಕುವವರು ಇದ್ದಾರೆ. ಮನೆಯಲ್ಲೇ ಕೂತು ಡೇಟಾ ಎಂಟ್ರಿ, ಮೊದಲು ರಿಜಿಸ್ಟ್ರೇಶನ್ ಫೀಸು ಕಳಿಸಿ ಎಂಬ ಮೆಸೇಜನ್ನು ನನ್ನಲ್ಲಿಗೆ ಪ್ರಿಂಟ್ ಮಾಡಿಸಲಿಕ್ಕೆ ತಂದವರಿದ್ದಾರೆ, ಅದು ನೇಮಕಾತಿ ಪತ್ರ ಎಂದು ನಂಬಿ. ಇನ್ನು ಕೆಲವರ ಹತ್ತಿರ ನಿನ್ನ ಬ್ಯಾಂಕ್ ಖಾತೆಯನ್ನು ಸ್ವಲ್ಪ ದಿನ ನಮಗೆ ಕೊಡು, ಕಮಿಷನ್ ಕೊಡುತ್ತೇವೆ ಎನ್ನುತ್ತಾರೆ. ಬೇರೆ ಊರಿನಲ್ಲಿ ಯಾರನ್ನೋ ದೋಚಿದ ಹಣ ಆ ಖಾತೆಗೆ ಬರುತ್ತದೆ, ಪೊಲೀಸರು ಬರುವುದು ಹುಡುಗನ ಮನೆಗೆ. ಡಿಗ್ರಿ ಕೊಡುವ ಮೊದಲು ಇದನ್ನು ಒಂದು ಗಂಟೆ ಕೂತು ಹೇಳಿ. ಸೈಬರ್ ವಂಚನೆಯ ದೂರು ಕೊಡುವ 1930 ಎಂಬ ನಂಬರ್ ಎಲ್ಲರ ಫೋನಿನಲ್ಲಿ ಇರಲಿ. ಹಣ ಹೋದ ಕೂಡಲೇ ಕರೆ ಮಾಡಿದರೆ ತಡೆಯುವ ಸಾಧ್ಯತೆ ಇರುತ್ತದೆ. ಮಾರನೇ ದಿನ ನನ್ನ ಅಂಗಡಿಗೆ ಬಂದು ದೂರಿನ ಅರ್ಜಿ ಟೈಪ್ ಮಾಡಿಸುವಾಗ ತುಂಬ ತಡ ಆಗಿರುತ್ತದೆ.

ಇದೆಲ್ಲ ಮಾಡಲಿಕ್ಕೆ ಟೀಚರುಗಳಿಗೆ ಸಮಯ ಬೇಕು. ಅವರಲ್ಲಿ ಕೆಲವರು ಗೆಸ್ಟ್, ಗಂಟೆಗೆ ಇಷ್ಟು ಎಂದು ಸಂಬಳ. ತಮ್ಮ ಬಯೋಡೇಟಾ ಮಾಡಿಸಲಿಕ್ಕೆ ಅವರೂ ನನ್ನಲ್ಲಿಗೇ ಬರುತ್ತಾರೆ. ಅವರಿಗೂ ನಾಚಿಕೆ ಆಗದ ಹಾಗೆ ಕಲಿಯುವ ಒಂದು ಜಾಗ ಬೇಕು. ಹೈಸ್ಕೂಲಿನಲ್ಲಿ ಲಿಟಲ್ ಕೈಟ್ಸ್ ನಡೆಸುವ ಮಾಸ್ತರರು, ಮಿಸ್ಸುಗಳು ನಿಮ್ಮ ಕಾಲೇಜುಗಳ ಹತ್ತಿರವೇ ಇದ್ದಾರೆ. ಅವರನ್ನು ಒಂದು ಶನಿವಾರ ಕರೆಯಿರಿ. ಕಾಲೇಜಿನವರು ಹೈಸ್ಕೂಲಿನವರಿಂದ ಕಲಿಯುವುದಾ ಎಂದು ಯಾರಾದರೂ ಮುಖ ಗಂಟಿಕ್ಕಿದರೆ ಅವರಿಗೆ ಮೊದಲು 30 ಕೆಬಿಯ ಫೋಟೊ ಮಾಡಲಿಕ್ಕೆ ಹೇಳಿ.

2024ರಲ್ಲಿ ಸೇರಿದ ಮೊದಲ ಬ್ಯಾಚಿನವರು 2027ರಲ್ಲಿ ಮೂರು ವರ್ಷ ಮುಗಿಸುತ್ತಾರೆ. ಆ ಬೇಸಗೆಗೆ ಅವರು ನನ್ನ ಅಂಗಡಿಗೆ ಬರುತ್ತಾರೆ.

ಮಾದರಿ ರೆಸ್ಯೂಮೆಯಿಂದ ಆ ಸಾಲನ್ನು ನಾನು ತೆಗೆದಿದ್ದೇನೆ. ಈಗ ಬಂದವರನ್ನು ಪಕ್ಕದ ಹಳೆಯ ಕಂಪ್ಯೂಟರಿನಲ್ಲಿ ಕೂರಿಸುತ್ತೇನೆ. ಆ ನಾನೂರು ಸಾಲಿನಂಥ ಒಂದು ಶೀಟ್ ಮಾಡಿ ಇಟ್ಟಿದ್ದೇನೆ, ಅದನ್ನು ತೆರೆದು ಕೊಡುತ್ತೇನೆ. ಮಾಡಿದರೆ ಬರೆಯುತ್ತೇನೆ. ಇಲ್ಲದಿದ್ದರೆ ಸಂಜೆ ಐದರ ಮೇಲೆ ಬಾ ಎನ್ನುತ್ತೇನೆ, ಆಗ ಗಿರಾಕಿ ಕಡಿಮೆ. ಮಳೆಗಾಲದಲ್ಲಿ ಕೊಡೆ ತೆಗೆದುಕೊಂಡು ಬಂದ ಹುಡುಗಿ ಎರಡು ತಿಂಗಳು ಬಂದಳು. ಈಗ ಅಡಿಕೆ ವ್ಯಾಪಾರದ ಒಂದು ಅಂಗಡಿಯಲ್ಲಿ ಲೆಕ್ಕ ನೋಡುತ್ತಿದ್ದಾಳೆ. ಮೊನ್ನೆ ಫೋನ್ ಮಾಡಿದ್ದಳು. ಎರಡು ಶೀಟುಗಳನ್ನು ಒಂದಕ್ಕೊಂದು ಹೊಂದಿಸುವುದು ಹೇಗೆ ಎಂದು ಕೇಳಿದಳು. ವಿ-ಲುಕಪ್ ಎಂದೆ. ಅದು ಗೊತ್ತುಂಟು ಅಣ್ಣ, ಅದರಲ್ಲಿ ಎಡಗಡೆಯ ಕಾಲಂ ಸಿಗುವುದಿಲ್ಲ, ಬೇರೆ ಏನಾದರೂ ಉಂಟಾ ಎಂದಳು. ನಾನೂ ಹುಡುಕಿ ಹೇಳಬೇಕಾಯಿತು.

ಇತಿ,
ಕುಂಬಳೆ–ಬದಿಯಡ್ಕ ರಸ್ತೆಯ ಒಬ್ಬ ಡಿಟಿಪಿ ಅಂಗಡಿಯವ